ಸೆಳೆತ ಕುಂದುವುದೇ ಇಲ್ಲ ಎಂದು ಕೊಂಡ ವ್ಯಾಕ್ಯೂಮ್ ಕ್ಲೀನರ್ ಹತ್ತು ದಿನಕ್ಕೊಮ್ಮೆ ಸುಸ್ತಾಗುವುದೇಕೆ?

ಭಟ್ಟಿ_ನೆರೆಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಕೂಗಳತೆಯ ದೂರದಲ್ಲಿದೆ. ಗಾಳಿ ನಮ್ಮ ಕಡೆ ತಿರುಗಿದ ದಿನ ಭತ್ತದ ಹೊಟ್ಟು ಉರಿದ ಬೂದಿಯು ಕಿಟಕಿಯ ಸರಳು, ದೇವರ ಗೂಡು, ಒಣಹಾಕಿದ ಬಟ್ಟೆ ಎಂಬ ಭೇದವಿಲ್ಲದೆ ಬಂದು ಕೂರುತ್ತದೆ. ಅತ್ತೆಯವರಿಗೆ ದಮ್ಮು ಇರುವುದರಿಂದ ಪೊರಕೆ ಎತ್ತುವ ಹಾಗಿಲ್ಲ. ಹೀಗಾಗಿ ಎಂಟು ತಿಂಗಳ ಹಿಂದೆ ಹಳೆಯ ಚೀಲದ ವ್ಯಾಕ್ಯೂಮ್ ಕ್ಲೀನರನ್ನು ಕೊಟ್ಟು, ಚೀಲವಿಲ್ಲದ ಸೈಕ್ಲೋನ್ ಮಾದರಿಯನ್ನು ತಂದೆವು. ಅಂಗಡಿಯವರು, "ಇದರಲ್ಲಿ ಗಾಳಿ ಸುಳಿಯಾಗಿ ತಿರುಗಿ ಧೂಳನ್ನು ತಾನೇ ಬೇರ್ಪಡಿಸುತ್ತದೆ, ಸೆಳೆತ ಎಂದಿಗೂ ಕುಂದುವುದಿಲ್ಲ" ಎಂದು ಭರವಸೆ ಕೊಟ್ಟಿದ್ದರು.

ಮೊದಲ ಐದು ತಿಂಗಳು ಅವರ ಮಾತು ನಿಜವೇ ಆಗಿತ್ತು. ಈಗ ಹತ್ತು ದಿನಕ್ಕೊಮ್ಮೆ ಒಳಗಿನ ಫಿಲ್ಟರ್ ಕಪ್ಪಾಗಿ ಕಟ್ಟಿಕೊಳ್ಳುತ್ತದೆ, ಮೋಟರ್ ಕೀರಲು ದನಿಯಲ್ಲಿ ಕೂಗುತ್ತದೆ, ರತ್ನಗಂಬಳಿಯ ಮೇಲಿನ ಕೂದಲೂ ಏಳುವುದಿಲ್ಲ. ವಿಚಿತ್ರವೆಂದರೆ, ಕೊಳವೆಯ ಬಾಯಿಗೆ ಅಂಗೈ ಒಡ್ಡಿದರೆ ಗಪ್ಪನೆ ಕಚ್ಚಿಕೊಳ್ಳುತ್ತದೆ. ಸೆಳೆತವಿದ್ದೂ ಧೂಳು ಏಳುವುದಿಲ್ಲವೆಂದರೆ ಏನರ್ಥ? ಸುಳಿಯೇ ಧೂಳನ್ನು ಬೇರ್ಪಡಿಸುವುದಾದರೆ ಫಿಲ್ಟರ್ ಕಪ್ಪಾಗುವುದಾದರೂ ಹೇಗೆ? ತಿಳಿದವರು ಹೇಳಬೇಕಾಗಿ ವಿನಂತಿ.

ಚೌಕಿಪೇಟೆ_ಚಂದಾದಾರ
ಒದ್ದೆ ಬಟ್ಟೆಯಲ್ಲಿ ಒರೆಸಿ. ಅದಕ್ಕೆ ಫಿಲ್ಟರೂ ಇಲ್ಲ, ಕೀರಲು ದನಿಯೂ ಇಲ್ಲ.

ಭಟ್ಟಿ_ನೆರೆಮನೆ
ಒರೆಸುತ್ತಲೇ ಇದ್ದೇವೆ ಸರ್. ಸೋಫಾವನ್ನೂ ಹಾಸಿಗೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುವ ವಿದ್ಯೆ ನಿಮಗೆ ಗೊತ್ತಿದ್ದರೆ ಅದನ್ನೂ ತಿಳಿಸಿ.

ಪಿಯು_ಭೌತಶಾಸ್ತ್ರ
ಮೇಡಂ, ನಿಮ್ಮದು ಎರಡು ಪ್ರಶ್ನೆ. ಮೊದಲನೆಯದನ್ನು ಮೊದಲು ನೋಡೋಣ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವುದನ್ನು ನೀವು ಕಂಡಿರಬಹುದು. ಹಗ್ಗ ಹಿಡಿದಿರುವವರೆಗೆ ಕಲ್ಲು ಸುತ್ತುತ್ತದೆ, ಬಿಟ್ಟ ಕ್ಷಣ ನೇರವಾಗಿ ಹಾರುತ್ತದೆ. ವೇಗದಲ್ಲಿರುವ ವಸ್ತು ನೇರವಾಗಿಯೇ ಹೋಗಬಯಸುತ್ತದೆ, ಅದನ್ನು ತಿರುಗಿಸಲು ಒಳಮುಖವಾಗಿ ಎಳೆಯುವ ಬಲವೊಂದು ಬೇಕು. ನಿಮ್ಮ ಯಂತ್ರದ ಪಾರದರ್ಶಕ ಡಬ್ಬಿಯೊಳಗೆ ಗಾಳಿಯು ಮೇಲ್ಭಾಗದಲ್ಲಿ ಗೋಡೆಯ ಪಕ್ಕದಿಂದ ಓರೆಯಾಗಿ ನುಗ್ಗಿ, ಗೋಡೆಯನ್ನು ಸವರಿಕೊಂಡು ಸುತ್ತತೊಡಗುತ್ತದೆ. ಹಗುರವಾದ ಗಾಳಿ ಸುಲಭವಾಗಿ ತಿರುಗುತ್ತದೆ. ಅದರೊಡನೆ ಬಂದ ಮರಳು, ಕೂದಲು, ಬೂದಿಯ ಕಣಗಳು ಅಷ್ಟು ಬೇಗ ತಿರುಗಲಾರದೆ ಗೋಡೆಗೆ ಹೋಗಿ ಬಡಿಯುತ್ತವೆ. ಅಲ್ಲಿ ಅವುಗಳ ವೇಗ ಮುರಿದು, ಕೆಳಗಿನ ಡಬ್ಬಿಗೆ ಜಾರುತ್ತವೆ. ಧೂಳನ್ನು ಕಳೆದುಕೊಂಡ ಗಾಳಿಯು ತಳದಲ್ಲಿ ತಿರುವಿಕೊಂಡು, ನಡುವಿನ ಕೊಳವೆಯ ಮೂಲಕ ಸುಳಿಯಾಗಿಯೇ ಮೇಲೇರಿ ಹೊರಟುಹೋಗುತ್ತದೆ. ಒಂದೇ ಡಬ್ಬಿಯಲ್ಲಿ ಹೊರಗಿನ ಸುಳಿ ಇಳಿಯುತ್ತಿರುತ್ತದೆ, ಒಳಗಿನ ಸುಳಿ ಏರುತ್ತಿರುತ್ತದೆ.

ಲೆಕ್ಕ ಬೇಕೆನ್ನುವವರಿಗೆ: ಗಾಳಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, 10 ಸೆಂಟಿಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ ಕಣದ ಮೇಲಿನ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 400 ಪಟ್ಟು. ಅದೇ ವೇಗದಲ್ಲಿ ತ್ರಿಜ್ಯವನ್ನು 2 ಸೆಂಟಿಮೀಟರಿಗೆ ಇಳಿಸಿದರೆ ಸುಮಾರು 2,000 ಪಟ್ಟು. ಆದ್ದರಿಂದಲೇ ಒಳ್ಳೆಯ ಯಂತ್ರಗಳಲ್ಲಿ ದೊಡ್ಡ ಡಬ್ಬಿಯ ಮೇಲೆ ಸಣ್ಣಸಣ್ಣ ಶಂಕುಗಳ ಸಾಲು ಇರುತ್ತದೆ. ಒಂದೊಂದು ಸಣ್ಣ ಶಂಕು ಸ್ವಲ್ಪವೇ ಗಾಳಿಯನ್ನು ನುಂಗಬಲ್ಲದಾದ್ದರಿಂದ ಹತ್ತಾರನ್ನು ಅಕ್ಕಪಕ್ಕ ಜೋಡಿಸಿ ಗಾಳಿಯನ್ನು ಹಂಚುತ್ತಾರೆ.

ಎರಡನೆಯ ಪ್ರಶ್ನೆಗೆ ಉತ್ತರದ ಸುಳಿವೂ ಇಲ್ಲಿಯೇ ಇದೆ. ಕಣವನ್ನು ಗೋಡೆಯತ್ತ ಒಯ್ಯುವ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. 10 ಮೈಕ್ರಾನಿನ ಕಣಕ್ಕಿಂತ 1 ಮೈಕ್ರಾನಿನ ಕಣವು ನೂರು ಪಟ್ಟು ನಿಧಾನವಾಗಿ ಗೋಡೆಯತ್ತ ಸರಿಯುತ್ತದೆ, ಅಷ್ಟರಲ್ಲಿ ಗಾಳಿ ಅದನ್ನು ಹೊತ್ತು ಹೊರಗೆ ನಡೆದಿರುತ್ತದೆ. ಉಳಿದ ಆ ನುಣುಪು ಧೂಳನ್ನು ಹಿಡಿಯಲೆಂದೇ ಫಿಲ್ಟರ್ ಇರುವುದು. ಸೈಕ್ಲೋನ್ ಇದ್ದರೆ ಫಿಲ್ಟರ್ ಬೇಡವೆಂದು ಯಾರಾದರೂ ಹೇಳಿದ್ದರೆ ಅದು ತಪ್ಪು.

ದುರ್ಗದ_ಗಾಳಿ
ಮೇಷ್ಟ್ರೇ, ಒಪ್ಪಲು ಕಷ್ಟವಾಗುತ್ತಿದೆ. ನಾನು ಚಹಾ ಲೋಟದಲ್ಲಿ ಚಮಚ ಆಡಿಸಿದಾಗಲೆಲ್ಲ ಸೊಪ್ಪಿನ ಪುಡಿ ಲೋಟದ ಅಂಚಿಗೆ ಹೋಗದೆ ತಳದ ನಟ್ಟನಡುವೆ ಬಂದು ಗುಡ್ಡೆಯಾಗುತ್ತದೆ. ಪುಡಿ ನೀರಿಗಿಂತ ಭಾರವಾದುದು, ಭಾರವಾದುದರಿಂದಲೇ ತಳಕ್ಕಿಳಿದಿದೆ. ನಿಮ್ಮ ಕವಣೆಯ ನ್ಯಾಯ ಲೋಟಕ್ಕೇಕೆ ಅನ್ವಯವಾಗುವುದಿಲ್ಲ?

ಪಿಯು_ಭೌತಶಾಸ್ತ್ರ
ಬಹಳ ಒಳ್ಳೆಯ ತಕರಾರು. ಐನ್‌ಸ್ಟೈನರು 1926ರಲ್ಲಿ ನದಿಗಳು ಏಕೆ ಬಳುಕುತ್ತವೆ ಎಂಬುದನ್ನು ವಿವರಿಸುವಾಗ ಇದೇ ಚಹಾ ಲೋಟವನ್ನು ಎತ್ತಿಕೊಂಡರು. ಲೋಟದ ಮೇಲ್ಭಾಗದ ನೀರು ಜೋರಾಗಿ ಸುತ್ತುವುದರಿಂದ ಅಂಚಿನಲ್ಲಿ ಒತ್ತಡ ಹೆಚ್ಚಾಗಿಯೂ ನಡುವೆ ಕಡಿಮೆಯಾಗಿಯೂ ಇರುತ್ತದೆ. ತಳಕ್ಕೆ ಅಂಟಿದ ನೀರು ಮಾತ್ರ ಘರ್ಷಣೆಯಿಂದ ನಿಧಾನವಾಗಿ ಸುತ್ತುತ್ತದೆ. ಆ ಒತ್ತಡವನ್ನು ಎದುರಿಸಿ ಅಂಚಿನಲ್ಲಿ ನಿಲ್ಲುವಷ್ಟು ತಿರುಗುವಿಕೆ ಅದಕ್ಕಿರುವುದಿಲ್ಲ. ಆದ್ದರಿಂದ ತಳದ ಪದರವು ನಡುವಿನತ್ತ ಹರಿಯುತ್ತದೆ, ಪುಡಿಯನ್ನೂ ಗುಡಿಸಿಕೊಂಡು ಹೋಗುತ್ತದೆ.

ಈ ನಿಧಾನ ಪದರವು ಸೈಕ್ಲೋನಿನ ಗೋಡೆಗೂ ಅಂಟಿಕೊಂಡೇ ಇರುತ್ತದೆ. ಗೋಡೆಗೆ ಬಡಿದ ಧೂಳನ್ನು ಶಂಕುವಿನ ಓರೆಯಗುಂಟ ತುದಿಯ ಕಡೆ ಒಯ್ದು ಡಬ್ಬಿಗೆ ಮುಟ್ಟಿಸುವುದು ಬಹುಮಟ್ಟಿಗೆ ಈ ಪದರವೇ, ಗುರುತ್ವವಲ್ಲ. ಕೈಯಲ್ಲಿ ಹಿಡಿಯುವ ಯಂತ್ರವನ್ನು ಮೇಲೆತ್ತಿ ಫ್ಯಾನಿನ ರೆಕ್ಕೆ ಸ್ವಚ್ಛಗೊಳಿಸುವಾಗಲೂ ಅದು ಕೆಲಸ ಮಾಡುವುದು ಇದರಿಂದ. 2,000 ಪಟ್ಟು ಬಲದ ಮುಂದೆ ಗುರುತ್ವದ 1 ಯಾವ ಲೆಕ್ಕ? ನಿಮ್ಮ ಲೋಟ ನನ್ನ ವಿರುದ್ಧದ ಸಾಕ್ಷಿಯಲ್ಲ, ನನ್ನ ಪರವಾದದ್ದು.

ದುರ್ಗದ_ಗಾಳಿ
ಸೋತೆ. ನಮ್ಮ ಜೋಗಿಮಟ್ಟಿಯ ಕಡೆ ಆಷಾಢದಲ್ಲಿ ಬಯಲಿನ ತರಗೆಲೆಯೆಲ್ಲ ಸುಂಟರಗಾಳಿಯ ನಡುವೆ ಸೇರುವುದಕ್ಕೂ ಇದೇ ಕಾರಣವಿರಬೇಕು ಎಂದು ಈಗ ಅನ್ನಿಸುತ್ತಿದೆ.

ಎಂಸಿಸಿ_ಬಿ_ಬ್ಲಾಕ್
ಇಷ್ಟೆಲ್ಲ ಸುತ್ತುವುದೇಕೆ? ಯಂತ್ರದ ವ್ಯಾಟ್ ಕಡಿಮೆ ಇರಬೇಕು. 1,600 ವ್ಯಾಟಿನದು ಕೊಂಡರೆ ಸಮಸ್ಯೆ ಮುಗಿಯಿತು. ಅವರ ಮೋಟರ್ ಕೀರಲು ದನಿಯಲ್ಲಿ ಕೂಗುತ್ತಿದೆ ಎಂದರೆ ಭಾರ ಎಳೆಯಲಾರದೆ ಒದ್ದಾಡುತ್ತಿದೆ ಎಂದೇ ಅರ್ಥ.

ರಿಪೇರಿ_ಮೇಜು
ಎರಡೂ ತಪ್ಪು ಸರ್. ಹದಿನಾಲ್ಕು ವರ್ಷಗಳಿಂದ ಮಿಕ್ಸಿ, ಗ್ರೈಂಡರ್, ವ್ಯಾಕ್ಯೂಮ್ ಕ್ಲೀನರ್ ಬಿಚ್ಚಿ ಕಟ್ಟುತ್ತಿರುವ ಅನುಭವದಿಂದ ಹೇಳುತ್ತೇನೆ. ದನಿ ಕೀರಲಾಗುವುದು ಮೋಟರಿನ ಭಾರ ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. ಫ್ಯಾನಿನ ಕೆಲಸವೇ ಗಾಳಿಯನ್ನು ತಳ್ಳುವುದು. ದಾರಿ ಕಟ್ಟಿ ಗಾಳಿಯೇ ಬಾರದಿದ್ದರೆ ಅದಕ್ಕೆ ತಳ್ಳಲು ಏನೂ ಇರುವುದಿಲ್ಲ, ಹಗ್ಗ ಕಿತ್ತ ಗಾಣದ ಎತ್ತಿನ ಹಾಗೆ ಓಡುತ್ತದೆ. ಆದರೆ ಎಷ್ಟೋ ಯಂತ್ರಗಳಲ್ಲಿ ಮೋಟರನ್ನು ತಂಪಾಗಿಡುವುದೂ ಅದೇ ಗಾಳಿಯಾದ್ದರಿಂದ, ಹಾಗೆ ಓಡಿಸುತ್ತಲೇ ಇದ್ದರೆ ಮೋಟರ್ ಕಾದು ತಾನೇ ನಿಂತುಬಿಡುತ್ತದೆ. ನನ್ನ ಮೇಜಿಗೆ "ಸುಟ್ಟುಹೋಗಿದೆ" ಎಂದು ಬರುವ ಹಲವು ಯಂತ್ರಗಳಿಗೆ ಬೇಕಾಗಿದ್ದುದು ಫಿಲ್ಟರ್ ತೊಳೆಯುವುದಷ್ಟೇ ಆಗಿರುತ್ತದೆ.

ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ಗೋಡೆಯ ಪ್ಲಗ್ಗಿನಿಂದ ಅದು ತಿನ್ನುವ ವಿದ್ಯುತ್ತು, ನಿಮ್ಮ ನೆಲಕ್ಕೆ ಮಾಡುವ ಕೆಲಸವಲ್ಲ. ಯೂರೋಪಿನ ಒಕ್ಕೂಟವು ಇದೇ ಕಾರಣಕ್ಕೆ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ 2014ರಲ್ಲಿ 1,600 ವ್ಯಾಟಿನ ಮಿತಿಯನ್ನೂ 2017ರಲ್ಲಿ 900 ವ್ಯಾಟಿನ ಮಿತಿಯನ್ನೂ ಹಾಕಿತು.

ಪಿಯು_ಭೌತಶಾಸ್ತ್ರ
ಅಂಗೈಯ ಒಗಟಿಗೂ ಇಲ್ಲಿಯೇ ಉತ್ತರವಿದೆ. ನಾವು ಸೆಳೆತ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ವಾಸ್ತವವಾಗಿ ಎರಡು ಸಂಗತಿಗಳನ್ನು: ಒತ್ತಡದ ಇಳಿಕೆ ಒಂದು, ಗಾಳಿಯ ಹರಿವು ಇನ್ನೊಂದು. ಧೂಳನ್ನು ಎಬ್ಬಿಸಿ ಹೊತ್ತೊಯ್ಯುವುದು ಹರಿವು. ಒತ್ತಡವನ್ನು ಕಿಲೋಪಾಸ್ಕಲ್‌ನಲ್ಲಿ, ಹರಿವನ್ನು ಸೆಕೆಂಡಿಗೆ ಲೀಟರಿನಲ್ಲಿ ಅಳೆದು ಗುಣಿಸಿದರೆ ಗಾಳಿಗೆ ದೊರೆತ ಶಕ್ತಿ ವ್ಯಾಟಿನಲ್ಲಿಯೇ ಸಿಗುತ್ತದೆ. 10 ಕಿಲೋಪಾಸ್ಕಲ್, 20 ಲೀಟರ್ ಎಂದರೆ 200 ವ್ಯಾಟ್. ಅಂಗೈಯಿಂದ ಬಾಯಿ ಮುಚ್ಚಿದಾಗ ಒತ್ತಡ 20 ಕಿಲೋಪಾಸ್ಕಲ್ ಇದ್ದರೂ ಹರಿವು ಸೊನ್ನೆಯಾದ್ದರಿಂದ ಗುಣಲಬ್ಧವೂ ಸೊನ್ನೆ.

ಗಾಳಿ ಹರಿಯುವಾಗ ಮಾತ್ರ ಕಟ್ಟಿಕೊಂಡ ಫಿಲ್ಟರ್ ಅಡ್ಡಿಪಡಿಸುತ್ತದೆ. ಹರಿವೇ ಇಲ್ಲದಾಗ ಅದರ ಎರಡೂ ಬದಿಯ ಒತ್ತಡ ಸಮವಾಗಿ, ಮೋಟರಿನ ಪೂರ್ಣ ಸೆಳೆತ ನಿಮ್ಮ ಅಂಗೈಗೆ ತಗಲುತ್ತದೆ. ಅಂದರೆ ಅಂಗೈ ಪರೀಕ್ಷೆಯು ಮೋಟರ್ ಚೆನ್ನಾಗಿದೆ ಎಂದಷ್ಟೇ ಹೇಳುತ್ತದೆ, ದಾರಿ ತೆರೆದಿದೆ ಎಂದಲ್ಲ. ಅಂಗಡಿಗಳಲ್ಲಿ ಕೈಗೆ ಕಚ್ಚಿಸಿ ತೋರಿಸುವ ನಾಟಕವನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ.

ಎಂಸಿಸಿ_ಬಿ_ಬ್ಲಾಕ್
ಹಾಗಾದರೆ ಹಳೆಯ ಚೀಲದ್ದೇ ವಾಸಿಯಲ್ಲವೇ? ಸೈಕ್ಲೋನ್ ಎಂಬುದು ಡೈಸನ್ ಎಂಬ ಇಂಗ್ಲಿಷಿನವನು ಕಂಡುಹಿಡಿದು ಜಾಹೀರಾತಿನಿಂದ ಮಾರಿದ ಮಾಲು, ಅಷ್ಟೇ.

ಗಿರಣಿ_ಫಿಟ್ಟರ್
ಕಂಡುಹಿಡಿದವನು ಅವನಲ್ಲ. ಅಮೆರಿಕದ ಗಿರಣಿಗಳಿಗೆಂದು ಸೈಕ್ಲೋನಿನ ಪೇಟೆಂಟ್ ಆದದ್ದು 1880ರ ದಶಕದಲ್ಲಿ. ದಾವಣಗೆರೆಯ ಸುತ್ತಮುತ್ತಲ ಯಾವ ಅಕ್ಕಿ ಗಿರಣಿಯ ಮೇಲ್ಛಾವಣಿ ನೋಡಿದರೂ ತಗಡಿನ ದೊಡ್ಡ ಆಲಿಕೆಯಂಥದ್ದು ಕಾಣುತ್ತದೆ, ಅದೇ ಸೈಕ್ಲೋನ್. ಡೈಸನ್ ತನ್ನ ಕಾರ್ಖಾನೆಯ ಬಣ್ಣದ ಪುಡಿ ಹಿಡಿಯಲು ಅಂಥದ್ದನ್ನು ಹಾಕಿಸಿದ್ದ, ಅದನ್ನೇ ಮನೆಯ ಯಂತ್ರದೊಳಗೆ ಏಕೆ ಕೂರಿಸಬಾರದೆಂದು ಯೋಚಿಸಿ 5,127 ಮಾದರಿ ಮಾಡಿದ. 1993ರಲ್ಲಿ ತನ್ನದೇ ಹೆಸರಿನಲ್ಲಿ ಮಾರಲು ಹೊರಟ. ಚಿಕ್ಕದು ಮಾಡಿದ್ದೇ ಅವನ ಹೆಚ್ಚುಗಾರಿಕೆ, ಅದೇನು ಸಣ್ಣ ಕೆಲಸವಲ್ಲ.

ಚೀಲದ ವಿಚಾರ: ಚೀಲದ ಯಂತ್ರದಲ್ಲಿ ಗಾಳಿಯು ತಾನು ತಂದುಹಾಕಿದ ಧೂಳಿನ ಮೂಲಕವೇ ಹೊರಗೆ ಹೋಗಬೇಕು. ಕಡಲೆಕಾಯಿ ಸಿಪ್ಪೆಯಂಥ ಒರಟು ಕಸವಾದರೆ ಚೀಲ ತುಂಬುವವರೆಗೂ ತೊಂದರೆಯಿಲ್ಲ, ಬೂದಿಯಂಥ ನುಣುಪು ಧೂಳಾದರೆ ಕಾಲುಭಾಗ ತುಂಬುವ ಮೊದಲೇ ರಂಧ್ರಗಳು ಮುಚ್ಚಿಹೋಗುತ್ತವೆ. ಸೈಕ್ಲೋನಿನಲ್ಲಿ ಧೂಳು ಗಾಳಿಯ ದಾರಿಯಿಂದ ಪಕ್ಕಕ್ಕೆ ಹೋಗಿ ಬೀಳುತ್ತದೆ, ಡಬ್ಬಿ ಅರ್ಧ ತುಂಬಿದರೂ ದಾರಿ ಮೊದಲಿನಷ್ಟೇ ತೆರೆದಿರುತ್ತದೆ. ಸೆಳೆತ ಕುಂದುವುದಿಲ್ಲ ಎಂಬ ಮಾತಿನಲ್ಲಿ ನಿಜವಿರುವುದು ಇಷ್ಟು. ಗಾಳಿಯನ್ನು ಸುತ್ತಿಸುವುದಕ್ಕೇ ಮೋಟರಿನ ಶಕ್ತಿ ಒಂದಿಷ್ಟು ಖರ್ಚಾಗುತ್ತದೆ ಎಂಬುದನ್ನು ಮಾತ್ರ ಮಾರುವವರು ಹೇಳುವುದಿಲ್ಲ. ಹೊಸ ಚೀಲದ ಯಂತ್ರವು ಮೊದಲ ದಿನ ಸೈಕ್ಲೋನನ್ನು ಸೋಲಿಸಿದರೆ ಆಶ್ಚರ್ಯವಿಲ್ಲ.

ಈಗ ಭಟ್ಟಿ ನೆರೆಮನೆಯ ಅಕ್ಕನವರಿಗೆ. ಮೊದಲ ಐದು ತಿಂಗಳೂ ಇದೇ ಬೂದಿ, ಇದೇ ಯಂತ್ರ, ಆಗ ಫಿಲ್ಟರ್ ಕಟ್ಟಲಿಲ್ಲ. ಆದ್ದರಿಂದ ಬೂದಿಯನ್ನೇ ಬೈದು ಪ್ರಯೋಜನವಿಲ್ಲ, ಯಂತ್ರದಲ್ಲಿ ಏನೋ ಬದಲಾಗಿದೆ. ಗಿರಣಿಯಲ್ಲಿ ಸೈಕ್ಲೋನ್ ಇದ್ದಕ್ಕಿದ್ದಂತೆ ಮೇಲಿನ ಬಾಯಿಂದ ತೌಡು ಉಗುಳತೊಡಗಿದರೆ ನಾವು ಮೇಲೆ ಹತ್ತುವುದೇ ಇಲ್ಲ, ನೇರವಾಗಿ ಕೆಳಗಿನ ಏರ್‌ಲಾಕ್ ನೋಡುತ್ತೇವೆ. ಅದು ರೆಕ್ಕೆಗಳಿರುವ ತಿರುಗುವ ಬಾಗಿಲು. ತೌಡನ್ನು ಹೊರಗೆ ಬಿಡುತ್ತದೆ, ಗಾಳಿಯನ್ನು ಒಳಗೆ ಬಿಡುವುದಿಲ್ಲ. ಅದರ ರಬ್ಬರ್ ಸವೆದರೆ ಸುಳಿಯ ನಡುವಿನ ಕಡಿಮೆ ಒತ್ತಡವು ಹೊರಗಿನ ಗಾಳಿಯನ್ನು ತಳದಿಂದಲೇ ಎಳೆದುಕೊಳ್ಳುತ್ತದೆ, ಆಗಲೇ ಬೇರ್ಪಟ್ಟು ಬಿದ್ದಿದ್ದ ತೌಡು ಆ ಗಾಳಿಯೊಡನೆ ಮತ್ತೆ ಮೇಲೇರುತ್ತದೆ. ಬೆರಳು ತೂರದಷ್ಟು ಸಣ್ಣ ಸಂದು ಸಾಕು, ಮೇಲೆ ಎಷ್ಟೇ ಚೆನ್ನಾಗಿ ತಿರುಗಿದರೂ ಎಲ್ಲ ವ್ಯರ್ಥ. ನಿಮ್ಮ ಧೂಳಿನ ಡಬ್ಬಿಯ ತಳದ ಮುಚ್ಚಳಕ್ಕೆ ಒಂದು ರಬ್ಬರ್ ಬಳೆ ಇರುತ್ತದೆ. ಅದನ್ನು ನೋಡಿದಿರಾ?

ರಿಪೇರಿ_ಮೇಜು
ಫಿಟ್ಟರ್ ಅಣ್ಣನ ಮಾತು ಸರಿಯಿರಬಹುದು, ಆದರೆ ಅದಕ್ಕೂ ಮೊದಲು ಇನ್ನೆರಡನ್ನು ನೋಡಿ. ಡಬ್ಬಿಯನ್ನು ಗುರುತಿನ ಗೆರೆ ದಾಟಿ ತುಂಬಿಸುತ್ತಿದ್ದರೆ ಸುಳಿಯ ಬಾಲವೇ ಧೂಳನ್ನು ಕೆದಕಿ ಎಬ್ಬಿಸುತ್ತದೆ. ಫಿಲ್ಟರನ್ನು ತೊಳೆದು ಪೂರ್ತಿ ಒಣಗುವ ಮೊದಲೇ ಹಾಕಿದರೆ, ಒದ್ದೆ ಸ್ಪಂಜಿಗೆ ಬೂದಿ ಅಂಟಿ ಗಾರೆಯಂತಾಗುತ್ತದೆ. ನಮ್ಮೂರಿನ ಬಿಸಿಲಿದ್ದರೂ ಒಂದು ಹಗಲು, ಒಂದು ರಾತ್ರಿ ಬಿಡಲೇಬೇಕು, ಹೊರಗೆ ಒಣಗಿದಂತೆ ಕಂಡರೂ ಒಳಗೆ ನೀರು ಉಳಿದಿರುತ್ತದೆ.

ನಿಟುವಳ್ಳಿ_ನಿವಾಸಿ
ಸೋರುವುದನ್ನು ಕಂಡುಹಿಡಿಯುವುದು ಸುಲಭ. ಯಂತ್ರ ಚಾಲೂ ಮಾಡಿ ಮುಚ್ಚಳದ ಸುತ್ತ ಊದುಬತ್ತಿ ಹಿಡಿಯಿರಿ, ಹೊಗೆ ಎಲ್ಲಿ ಒಳಗೆ ನುಗ್ಗುತ್ತದೋ ಅಲ್ಲಿ ಸಂದು.

ರಿಪೇರಿ_ಮೇಜು
ದಯವಿಟ್ಟು ಹಾಗೆ ಮಾಡಬೇಡಿ! ಒಳಗಿರುವುದು ಕೂದಲು, ಹತ್ತಿಯ ನಾರು, ಒಣ ಧೂಳು. ಒಂದು ಕಿಡಿ ಒಳಗೆ ಹೋದರೆ, ಮೇಲಿಂದ ಗಾಳಿಯೂ ಬೀಸುತ್ತಿರುವಾಗ, ತಿದಿ ಊದಿದ ಕುಲುಮೆಯೇ ಆದೀತು.

ಗಿರಣಿ_ಫಿಟ್ಟರ್
ದೀಪದ ಬತ್ತಿಯಿಂದ ಹತ್ತಿಯ ಒಂದು ಎಳೆ ಬಿಡಿಸಿಕೊಳ್ಳಿ ಅಕ್ಕಾ, ಅದನ್ನು ಮುಚ್ಚಳದ ಅಂಚಿನಗುಂಟ ನಿಧಾನವಾಗಿ ಒಂದು ಸುತ್ತು ಒಯ್ಯಿರಿ. ಸಂದು ಇದ್ದಲ್ಲಿ ಎಳೆ ಒಳಕ್ಕೆ ಬಾಗುತ್ತದೆ. ಜಿನ್ನಿಂಗ್ ಮಿಲ್ಲಿನಲ್ಲಿದ್ದಾಗ ನಾವು ಕೊಳವೆಗಳ ಜೋಡಣೆಗಳನ್ನು ಪರೀಕ್ಷಿಸುತ್ತಿದ್ದುದು ಹೀಗೆಯೇ.

ಚೌಕಿಪೇಟೆ_ಚಂದಾದಾರ
ಒದ್ದೆ ಬಟ್ಟೆಯ ಮಾತು ಈಗಲೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಭಟ್ಟಿ_ನೆರೆಮನೆ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಊಟವಾದ ಮೇಲೆ ಎಳೆಯ ಪರೀಕ್ಷೆ ಮಾಡಿದೆ. ಮುಚ್ಚಳದ ಕೊಂಡಿಯ ಕಡೆಯಿಂದ ಹೊರಟು ಮುಕ್ಕಾಲು ಸುತ್ತು ಎಳೆ ಅಲುಗಲಿಲ್ಲ. ಕೀಲಿನ ಹತ್ತಿರ ಬಂದದ್ದೇ ತಡ, ನನ್ನ ಬೆರಳ ತುದಿಯಿಂದ ಕಿತ್ತುಕೊಂಡು ಒಳಗೇ ಹೋಯಿತು. ಅತ್ತೆಯವರು, "ನುಂಗಿತಲ್ಲೇ!" ಎಂದರು. ಯಂತ್ರ ನಿಲ್ಲಿಸಿ ಬೆಳಕು ಹಿಡಿದು ನೋಡಿದರೆ, ರಬ್ಬರ್ ಬಳೆಯು ಸುಮಾರು ಎರಡು ಅಂಗುಲ ಉದ್ದ ತನ್ನ ಕಾಲುವೆಯಿಂದ ಮೇಲೆದ್ದು ಮಡಚಿಕೊಂಡಿದೆ, ಮಡಿಕೆಯ ಅಡಿಯಲ್ಲಿ ಬೂದಿ ಒತ್ತಿ ಗಟ್ಟಿಯಾಗಿ ಸ್ಲೇಟಿನ ಬಳಪದಂತಾಗಿದೆ. ಆಗ ನೆನಪಾಯಿತು. ಯುಗಾದಿಗೆ ಮನೆಯೆಲ್ಲ ತೊಳೆಯುವಾಗ ಈ ಡಬ್ಬಿಯನ್ನೂ ಬಿಸಿನೀರಿಗೆ ಹಾಕಿ, ಬಳೆ ಕಿತ್ತು ತೊಳೆದು, ನಾನೇ ಮತ್ತೆ ಕೂರಿಸಿದ್ದೆ. ಸೆಳೆತ ಕುಂದತೊಡಗಿದ್ದು ಅದಾದ ಮೇಲೆಯೇ.

ಪಿಯು_ಭೌತಶಾಸ್ತ್ರ
ಕೀಲಿನ ಬಳಿ ಒಂದು ಮಡಿಕೆ! ಮೇಡಂ, ಒಂದು ಉಪಕಾರ ಮಾಡಿ: ಬಳೆ ಸರಿಪಡಿಸಿದ ಮೇಲೆ ಎಷ್ಟು ದಿನಕ್ಕೆ ಫಿಲ್ಟರ್ ಕಪ್ಪಾಗುತ್ತದೆಂದು ಬರೆದಿಡಿ.

ಗಿರಣಿ_ಫಿಟ್ಟರ್
ಬಳೆಯನ್ನು ಎಳೆದು ಕೂರಿಸಬೇಡಿ ಅಕ್ಕಾ. ಎಳೆದರೆ ಉದ್ದವಾಗಿ, ಕೊನೆಗೆ ಉಳಿದ ಹೆಚ್ಚಳವೇ ಮತ್ತೆ ಮಡಿಕೆಯಾಗುತ್ತದೆ. ಗಡಿಯಾರದ 12, 6, 3, 9 ಇರುವ ಜಾಗಗಳಲ್ಲಿ ಮೊದಲು ಒತ್ತಿ, ಆಮೇಲೆ ನಡುವಿನದನ್ನು ಹಂಚಿಕೊಂಡು ಒತ್ತುತ್ತ ಬನ್ನಿ. ಕಾಲುವೆಯಲ್ಲಿ ಬೂದಿಯ ಒಂದು ಕಣವೂ ಇರದಂತೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಹೊಟ್ಟಿನ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಉಪ್ಪುಕಾಗದದಂತೆ ರಬ್ಬರನ್ನು ತಿನ್ನುತ್ತದೆ.

ಎಂಸಿಸಿ_ಬಿ_ಬ್ಲಾಕ್
1,600 ವ್ಯಾಟಿನದು ಕೊಳ್ಳಿರೆಂದು ಹೇಳಿದವನು ನಾನೇ. ನಮ್ಮ ಮನೆಯ 1,600 ವ್ಯಾಟಿನದರ ಮುಚ್ಚಳಕ್ಕೆ ಈಗಷ್ಟೇ ಎಳೆ ಹಿಡಿದು ನೋಡಿದೆ. ಫಲಿತಾಂಶವನ್ನು ಇಲ್ಲಿ ಬರೆಯಲು ಇಷ್ಟವಿಲ್ಲ.

ಭಟ್ಟಿ_ನೆರೆಮನೆ
ಹದಿನೆಂಟು ದಿನಗಳ ನಂತರದ ವರದಿ. ಫಿಲ್ಟರ್ ಇನ್ನೂ ತಿಳಿಬೂದು ಬಣ್ಣದಲ್ಲಿದೆ, ಕಪ್ಪಾಗಿಲ್ಲ. ಮೋಟರಿನ ದನಿ ಮೊದಲಿನ ಗುಂಯ್‌ಗುಡುವಿಕೆಗೆ ಮರಳಿದೆ. ಡಬ್ಬಿಯಲ್ಲಿ ಮಾತ್ರ ಮೊದಲಿಗಿಂತ ದುಪ್ಪಟ್ಟು ಬೂದಿ ಸಿಗುತ್ತಿದೆ. ಅತ್ತೆಯವರು ಅದನ್ನು ಹಳೆಯ ದಿನಪತ್ರಿಕೆಯ ಮೇಲೆ ಸುರಿಸಿ, ಕನ್ನಡಕ ಹಾಕಿಕೊಂಡು ದಿನವೂ ಹುಡುಕುತ್ತಾರೆ. ಅಂದು ಒಳಗೆ ಹೋದ ಬತ್ತಿಯ ಎಳೆ ಇನ್ನೂ ಸಿಕ್ಕಿಲ್ಲ.

ರಿಪೇರಿ_ಮೇಜು
ನಡುವಿನ ಜಾಲರಿಯ ತೂತುಗಳಿಗೆ ಸುತ್ತಿಕೊಂಡಿರುತ್ತದೆ ಮೇಡಂ. ನಾರು ಮತ್ತು ಕೂದಲು ಹೋಗಿ ಸೇರುವುದು ಅಲ್ಲಿಯೇ. ಡಬ್ಬಿ ಕಳಚಿ ಕತ್ತರಿಯಿಂದ ಬಿಡಿಸಿ.

ಭಟ್ಟಿ_ನೆರೆಮನೆ
ಸಿಕ್ಕಿತು. ಜೊತೆಗೆ ನನ್ನ ಮಗಳ ಜಡೆಯ ಅರ್ಧ ಕೂದಲೂ ಸಿಕ್ಕಿತು.